ಆರು ಕ್ವಾರ್ಟೆಟ್ ಬರೆದಾಯಿತು, ಮುಂದೇನು? 1785ರ ವಿಯೆನ್ನಾದಲ್ಲಿ ಚೇಂಬರ್ ಮ್ಯೂಸಿಕ್ ಅಚ್ಚು ಹಾಕಿಸಿ ಮಾರುವ ಸಮಗ್ರ ಮಾರ್ಗದರ್ಶಿ

ಎರಡು ಪಿಟೀಲು, ಒಂದು ವಯೊಲಾ, ಒಂದು ಚೆಲ್ಲೊ. ಈ ನಾಲ್ಕು ವಾದ್ಯಗಳಿಗೆ ನೀವು ಆರು ಕ್ವಾರ್ಟೆಟ್ ಬರೆದು ಮುಗಿಸಿದ್ದೀರಿ ಅಂದುಕೊಳ್ಳಿ. ವರ್ಷ 1785, ಊರು ವಿಯೆನ್ನಾ. ಮೇಜಿನ ಮೇಲೆ ಹಸ್ತಪ್ರತಿ ಇದೆ, ತಲೆಯ ಮೇಲೆ ಬಾಡಿಗೆ ಇದೆ. ಇದನ್ನು ಅಚ್ಚು ಹಾಕಿಸಿ ಮಾರಬೇಕು. ಎಲ್ಲಿಂದ ಶುರು ಮಾಡುವುದು?

ಆ ಕಾಲದ ಮುದ್ರಿತ ಪ್ರತಿಗಳ ಸ್ಕ್ಯಾನ್ ನೋಡುತ್ತಾ ಕೂರುವುದು ನನಗೆ ಹಳೆಯ ಅಭ್ಯಾಸ. ಎಷ್ಟೋ ಪುಟಗಳ ಸುತ್ತ ಒಂದು ಮಸುಕು ಚೌಕಟ್ಟು ಕಾಣುತ್ತದೆ. ಅದು ಅಲಂಕಾರ ಅಲ್ಲ. ಲೋಹದ ತಗಡಿನ ಅಂಚು ಒದ್ದೆ ಕಾಗದಕ್ಕೆ ಒತ್ತಿದ ಗುರುತು. ಆ ಗುರುತಿನ ಹಿಂದೆ ಹೋದರೆ ಒಂದು ಇಡೀ ವ್ಯಾಪಾರ ತೆರೆದುಕೊಳ್ಳುತ್ತದೆ. ಆ ಕಾಲದ ದೊಡ್ಡ ಸಂಗೀತ ರಚನಕಾರರಾದ ಹೈಡನ್, ಮೊಜಾರ್ಟ್, ಬೀಥೋವನ್ ಆ ವ್ಯಾಪಾರದಲ್ಲಿ ನಿಜವಾಗಿ ಏನು ಮಾಡಿದರು, ಎಲ್ಲಿ ಗೆದ್ದರು, ಎಲ್ಲಿ ಕೈ ಸುಟ್ಟುಕೊಂಡರು ಅನ್ನುವುದನ್ನೇ ಹಂತಗಳಾಗಿ ಜೋಡಿಸಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಎಲ್ಲ ತೀರ್ಮಾನವನ್ನೂ ಹಸ್ತಪ್ರತಿ ಮನೆಯ ಹೊಸ್ತಿಲು ದಾಟುವ ಮೊದಲೇ ಮಾಡಿಕೊಳ್ಳಿ. ದಾಟಿದ ಮೇಲೆ ಅದನ್ನು ಕಾಯುವ ಗಟ್ಟಿ ಕಾನೂನು ವಿಯೆನ್ನಾದಲ್ಲಿ ನಿಮಗಿಲ್ಲ.

ಹಂತ 1: ಇದು ನಿಮ್ಮದೇ ಸಂಗೀತವಾ, ನೋಡಿಕೊಳ್ಳಿ

ವಿಚಿತ್ರ ಪ್ರಶ್ನೆ ಅನ್ನಿಸಬಹುದು. ನೀವು ಯಾವುದಾದರೂ ರಾಜಮನೆತನದ ಸಂಬಳದಲ್ಲಿದ್ದರೆ ಇದೇ ಮೊದಲ ಪ್ರಶ್ನೆ. ಹೈಡನ್ 1761ರಲ್ಲಿ ಎಸ್ಟರ್‌ಹಾಜಿ ಮನೆತನಕ್ಕೆ ಸೇರಿದಾಗ, ಬರೆದದ್ದನ್ನೆಲ್ಲ ಯಜಮಾನರಿಗೇ ಮೀಸಲಿಡಬೇಕು, ಹೊರಗೆ ಯಾರಿಗೂ ನಕಲು ಕೊಡಬಾರದು ಅಂತ ಒಪ್ಪಂದದಲ್ಲೇ ಬರೆದಿತ್ತು. ಹಾಗಿದ್ದೂ ಪ್ಯಾರಿಸ್, ಆಮ್‌ಸ್ಟರ್‌ಡ್ಯಾಮ್‌ಗಳಲ್ಲಿ ಅವರ ಸಂಗೀತ ಅಚ್ಚಾಗಿ ಮಾರಾಟವಾಗುತ್ತಲೇ ಇತ್ತು. ಲಾಭ ಮಾತ್ರ ಅವರಿಗೆ ಬರುತ್ತಿರಲಿಲ್ಲ. 1779ರ ಜನವರಿ 1ರಂದು ಆದ ಹೊಸ ಒಪ್ಪಂದದಲ್ಲಿ ಆ ಷರತ್ತು ಇರಲಿಲ್ಲ. ಮರುವರ್ಷವೇ ಅವರು ವಿಯೆನ್ನಾದ ಆರ್ಟಾರಿಯಾ ಕಂಪನಿಯ ಮೂಲಕ ಪಿಯಾನೊ ಸೊನಾಟಾಗಳನ್ನು ಹೊರತಂದರು. ಒಂದು ಸಾಲು ಕಿತ್ತುಹಾಕಿಸಿಕೊಳ್ಳಲು 18 ವರ್ಷ ಹಿಡಿಯಿತು. ನೀವು ಸಹಿ ಹಾಕುವ ಮೊದಲೇ ಓದಿ.

ಹಂತ 2: ಕಟ್ಟು ಕಟ್ಟಿ

ಒಂದೇ ಒಂದು ಕ್ವಾರ್ಟೆಟ್ ತೆಗೆದುಕೊಂಡು ಅಂಗಡಿಗೆ ಹೋಗಬೇಡಿ. ಚೇಂಬರ್ ಮ್ಯೂಸಿಕ್, ಅಂದರೆ ಕೆಲವೇ ಜನ ಒಂದು ಕೋಣೆಯಲ್ಲಿ ಕೂತು ನುಡಿಸುವ ಸಂಗೀತ, ಮಾರುವುದು ಆರರ ಕಟ್ಟಿನಲ್ಲಿ. ಕೃತಿಗಳು ದೊಡ್ಡದಾಗಿದ್ದರೆ ಮೂರು ಸಾಕು. ಕಟ್ಟಿಗೆ ಒಂದು ಓಪಸ್ ಸಂಖ್ಯೆ, ಅಂದರೆ ಪ್ರಕಟವಾದ ಕೃತಿಗಳ ಕ್ರಮಸಂಖ್ಯೆ, ಬೀಳುತ್ತದೆ. ಎಷ್ಟೋ ಸಲ ಅದನ್ನು ಹಾಕುವವನು ಪ್ರಕಾಶಕ, ನೀವಲ್ಲ. ಹಾಗಾಗಿ ಒಂದೇ ಕೃತಿಗೆ ಪ್ಯಾರಿಸ್‌ನಲ್ಲಿ ಒಂದು ಸಂಖ್ಯೆ, ಬರ್ಲಿನ್‌ನಲ್ಲಿ ಇನ್ನೊಂದು ಇರುವುದುಂಟು.

ಆರೂ ಬೇರೆ ಬೇರೆ ಶ್ರುತಿಯಲ್ಲಿರಲಿ. ಒಂದಾದರೂ ಮೈನರ್, ಅಂದರೆ ವಿಷಾದದ ಛಾಯೆಯ ಶ್ರುತಿಯಲ್ಲಿ, ಇರಲಿ. ಕೊಳ್ಳುವವರು ಮನೆಯಲ್ಲಿ ಸಂಜೆ ಕೂತು ನುಡಿಸುವ ಹವ್ಯಾಸಿಗಳು. ಕಛೇರಿ ಮಾಡುವವರು ಕಡಿಮೆ. ಆದ್ದರಿಂದ ಎಷ್ಟು ಕಷ್ಟ ಇರಬೇಕು ಅನ್ನುವುದು ಬರೀ ಕಲೆಯ ಪ್ರಶ್ನೆ ಅಲ್ಲ, ಹೊಟ್ಟೆಯ ಪ್ರಶ್ನೆಯೂ ಹೌದು. ಪ್ರಕಾಶಕ ಹೋಫ್‌ಮೈಸ್ಟರ್ ಮೊಜಾರ್ಟ್‌ಗೆ ಮೂರು ಪಿಯಾನೊ ಕ್ವಾರ್ಟೆಟ್ (ಪಿಯಾನೊ ಜೊತೆ ಪಿಟೀಲು, ವಯೊಲಾ, ಚೆಲ್ಲೊ) ಬರೆಯಲು ಹೇಳಿದ್ದರು. ಮೊದಲನೆಯದು, ಜಿ ಮೈನರ್‌ನದು, ಅಚ್ಚಾಗಿ ಬಂತು. ಜನ ಕಷ್ಟ ಅಂದರು, ಕೊಳ್ಳಲಿಲ್ಲ. ಕೊನೆಗೆ ಹೋಫ್‌ಮೈಸ್ಟರ್ ಉಳಿದವು ಬೇಡ ಅಂತ ಮೊಜಾರ್ಟ್‌ರನ್ನು ಒಪ್ಪಂದದಿಂದ ಬಿಟ್ಟುಬಿಟ್ಟರು ಅನ್ನುತ್ತಾರೆ. ಎರಡನೆಯದನ್ನು 1787ರಲ್ಲಿ ಆರ್ಟಾರಿಯಾ ಹೊರತಂದಿತು. ಮೂರನೆಯದು ಹುಟ್ಟಲೇ ಇಲ್ಲ. ಆ ಜಿ ಮೈನರ್ ಕೃತಿಯನ್ನು ಒಮ್ಮೆ ಕೇಳಿ, ಹುಟ್ಟದೆ ಹೋದದ್ದು ಏನು ಅಂತ ಗೊತ್ತಾಗುತ್ತದೆ. ನೀವು ಸುಲಭ ಮಾಡಿ ಬರೆಯಿರಿ ಅಂತ ನಾನು ಹೇಳುತ್ತಿಲ್ಲ. ಯಾರಿಗೆ ಮಾರುತ್ತಿದ್ದೀರಿ ಅಂತ ತಿಳಿದು ಬರೆಯಿರಿ.

ಹಂತ 3: ಭಾಗ ಭಾಗವಾಗಿ ಬರೆಸಿ

ಇವತ್ತಿನ ಹಾಗೆ ನಾಲ್ಕೂ ವಾದ್ಯ ಒಂದೇ ಪುಟದಲ್ಲಿ ಕಾಣುವ ಸ್ಕೋರನ್ನು ಆಗ ಕ್ವಾರ್ಟೆಟ್‌ಗೆ ಅಚ್ಚು ಹಾಕುತ್ತಿರಲಿಲ್ಲ. ನಾಲ್ಕು ವಾದ್ಯಕ್ಕೆ ನಾಲ್ಕು ಬಿಡಿ ಪುಸ್ತಕ, ಅಷ್ಟೇ. ನುಡಿಸುವವರಿಗೆ ಬೇಕಾದದ್ದೂ ಅದೇ. ಇಲ್ಲಿ ಒಂದು ಸಣ್ಣ ವಿಷಯ ಮರೆಯಬೇಡಿ: ಪುಟ ತಿರುಗಿಸುವುದು. ಬಲಗಡೆ ಪುಟದ ಕೊನೆಯಲ್ಲಿ ಆ ವಾದ್ಯಕ್ಕೆ ಒಂದೆರಡು ಅಳತೆಯ (ನಮ್ಮ ತಾಳದ ಆವರ್ತದ ಹಾಗೆ) ವಿರಾಮ ಬರುವ ಹಾಗೆ ನೋಡಿಕೊಳ್ಳಿ. ಇಲ್ಲದಿದ್ದರೆ ವೇಗದ ಜಾಗದಲ್ಲಿ ಪಿಟೀಲಿನವರು ಬಿಲ್ಲು ಕೆಳಗಿಟ್ಟು ಪುಟ ತಿರುಗಿಸಬೇಕು. ನುಡಿಸಿದವರಿಗೇ ಗೊತ್ತು ಆ ಫಜೀತಿ.

ಹಂತ 4: ದಾರಿ ಆರಿಸಿ

ಮೂರು ದಾರಿ ಇವೆ. ಕೈಬರಹದ ನಕಲು ಮಾರಬಹುದು. ಚಂದಾದಾರರನ್ನು ಕೂಡಿಸಿ ನೀವೇ ಹೊರತರಬಹುದು. ಪ್ರಕಾಶಕನಿಗೆ ಒಟ್ಟಿಗೆ ಮಾರಿ ಕೈ ತೊಳೆದುಕೊಳ್ಳಬಹುದು.

ಅಚ್ಚು ಬಂದ ಮೇಲೆ ಕೈಬರಹದ ನಕಲು ಸತ್ತುಹೋಯಿತು ಅಂದುಕೊಳ್ಳಬೇಡಿ. ವಿಯೆನ್ನಾದಲ್ಲಿ ನಕಲುಗಾರರ ಅಂಗಡಿಗಳು ಜೋರಾಗಿಯೇ ನಡೆಯುತ್ತಿವೆ. ಆದರೆ ಬೆಲೆ ನೋಡಿ. ಮೊಜಾರ್ಟ್ ಹೈಡನ್‌ಗೆ ಅರ್ಪಿಸಿದ ಆರು ಕ್ವಾರ್ಟೆಟ್‌ಗಳಿಗೆ ಆರ್ಟಾರಿಯಾ 1785ರಲ್ಲಿ ಇಟ್ಟ ಬೆಲೆ 6 ಫ್ಲೋರಿನ್ 30 ಕ್ರೊಯ್ಟ್ಸರ್, ಅಂದರೆ ಅಲ್ಲಿನ ದುಡ್ಡಿನಲ್ಲಿ ಆರೂವರೆ ಫ್ಲೋರಿನ್. ಒಟ್ಟು ಸುಮಾರು 150 ಪುಟ. ಇಷ್ಟನ್ನು ಕೈಯಲ್ಲಿ ಬರೆಸಿದರೆ 12 ಫ್ಲೋರಿನ್‌ಗೆ ಕಡಿಮೆ ಆಗುವುದಿಲ್ಲ ಅಂತ ಆರ್ಟಾರಿಯಾದವರೇ ಜಾಹೀರಾತಿನಲ್ಲಿ ಲೆಕ್ಕ ಕೊಟ್ಟರು. ಅಚ್ಚಿನ ಬಲ ಇರುವುದು ಇಲ್ಲೇ. ಹೆಚ್ಚುಕಡಿಮೆ ಅರ್ಧ ಬೆಲೆ.

ಚಂದಾ ಪದ್ಧತಿ ನಮಗೆ ಹೊಸದೇನಲ್ಲ. ಕನ್ನಡದಲ್ಲಿ ದೊಡ್ಡ ಪುಸ್ತಕಗಳಿಗೆ ಪ್ರಕಟಣಪೂರ್ವ ಬೆಲೆ ಇಡುತ್ತಾರಲ್ಲ, ಅದೇ. ಮೊದಲು ಹೆಸರು ಬರೆಸಿ, ದುಡ್ಡು ಕೊಡಿ, ಆಮೇಲೆ ಪ್ರತಿ. ಈ ದಾರಿ ಹಿಡಿಯುವವರು ಮೂರು ಉದಾಹರಣೆಗಳನ್ನು ತಲೆಯಲ್ಲಿಟ್ಟುಕೊಳ್ಳಬೇಕು.

ಹೈಡನ್ 1781ರ ಡಿಸೆಂಬರ್ 3ರಂದು ಹಲವು ಗಣ್ಯರಿಗೆ ಪತ್ರ ಬರೆದರು. ಆರು ಹೊಸ ಕ್ವಾರ್ಟೆಟ್ ಇವೆ, ಪೂರ್ತಿ ಹೊಸ ರೀತಿಯವು, ಹತ್ತು ವರ್ಷದಿಂದ ನಾನು ಕ್ವಾರ್ಟೆಟ್ ಬರೆದಿರಲಿಲ್ಲ, ಸರಿಯಾಗಿ ತಿದ್ದಿದ ಕೈಬರಹದ ಪ್ರತಿಗೆ 6 ಡ್ಯುಕಾಟ್ ಅಂದರು. ಒಂದು ಡ್ಯುಕಾಟ್ ಅಂದರೆ ನಾಲ್ಕೂವರೆ ಫ್ಲೋರಿನ್. ಒಳ್ಳೆಯ ಬೆಲೆಯೇ. ಅದೇ ಕೃತಿಗಳನ್ನು ಆರ್ಟಾರಿಯಾಕ್ಕೂ ಕೊಟ್ಟಿದ್ದರು. ಚಂದಾದಾರರಿಗೆ ಪ್ರತಿ ತಲುಪುವ ಮೊದಲೇ ಆರ್ಟಾರಿಯಾ, ಅಚ್ಚಿನ ಪ್ರತಿ ಇನ್ನೇನು ಬರುತ್ತದೆ ಅಂತ ಪತ್ರಿಕೆಯಲ್ಲಿ ಹಾಕಿಬಿಟ್ಟಿತು. ಜಾಸ್ತಿ ದುಡ್ಡು ಕೊಟ್ಟು ಮೊದಲೇ ಪಡೆಯುವ ಸುಖಕ್ಕೆ ಅರ್ಥವೇ ಉಳಿಯಲಿಲ್ಲ. 1782ರ ಜನವರಿಯಲ್ಲಿ ಹೈಡನ್ ಆರ್ಟಾರಿಯಾಕ್ಕೆ ಸಿಟ್ಟಿನಿಂದ ಪತ್ರ ಬರೆದರು. ಎರಡೂ ದಾರಿಯಲ್ಲಿ ಒಟ್ಟಿಗೆ ನಡೆಯುವುದಾದರೆ ಪ್ರಕಾಶಕ ಯಾವ ದಿನದವರೆಗೆ ಬಾಯಿ ಮುಚ್ಚಿಕೊಂಡಿರಬೇಕು ಅನ್ನುವುದನ್ನು ಬರೆಸಿಕೊಳ್ಳಿ.

ಮೊಜಾರ್ಟ್ 1788ರ ಏಪ್ರಿಲ್‌ನಲ್ಲಿ ಮೂರು ಸ್ಟ್ರಿಂಗ್ ಕ್ವಿಂಟೆಟ್‌ಗಳಿಗೆ, ಅಂದರೆ ಐದು ತಂತಿವಾದ್ಯಗಳ ಕೃತಿಗಳಿಗೆ, ಚಂದಾ ಕರೆದರು. ಬೆಲೆ 4 ಡ್ಯುಕಾಟ್. ಜುಲೈ 1ರಿಂದ ಗೆಳೆಯ, ಬಟ್ಟೆ ವ್ಯಾಪಾರಿ ಪುಖ್‌ಬರ್ಗ್ ಹತ್ತಿರ ಪ್ರತಿ ಸಿಗುತ್ತದೆ ಅಂದರು. ಜೂನ್ ಕೊನೆಗೆ ಮತ್ತೊಂದು ಪ್ರಕಟಣೆ ಬಂತು: ಚಂದಾದಾರರು ಇನ್ನೂ ಕಡಿಮೆ ಇದ್ದಾರೆ, ಆದ್ದರಿಂದ 1789ರ ಜನವರಿ 1ಕ್ಕೆ ಮುಂದೂಡಿದ್ದೇನೆ. ಆ ಎರಡನೇ ಪ್ರಕಟಣೆಯನ್ನು ಓದಿದಾಗೆಲ್ಲ ನನಗೆ ಸಂಕಟ ಆಗುತ್ತದೆ. ಆಗ ಆಸ್ಟ್ರಿಯಾ ತುರ್ಕರ ಜೊತೆ ಯುದ್ಧದಲ್ಲಿತ್ತು. ದುಡ್ಡಿದ್ದ ಶ್ರೀಮಂತರಲ್ಲಿ ಎಷ್ಟೋ ಜನ ಊರಲ್ಲೇ ಇರಲಿಲ್ಲ. ಚಂದಾ ಕರೆಯುವ ಕಾಲ ನೋಡಿ ಕರೆಯಿರಿ.

ಗೆದ್ದವರು ಬೀಥೋವನ್. 1795ರಲ್ಲಿ ಅವರ ಮೂರು ಪಿಯಾನೊ ಟ್ರಯೊಗಳಿಗೆ (ಪಿಯಾನೊ, ಪಿಟೀಲು, ಚೆಲ್ಲೊ), ಅಂದರೆ ಓಪಸ್ 1ಕ್ಕೆ, 123 ಜನ ಸೇರಿ 241 ಪ್ರತಿಗೆ ಹೆಸರು ಬರೆಸಿದರು. ಚಂದಾ ಬೆಲೆ ಒಂದು ಡ್ಯುಕಾಟ್. ಆರ್ಟಾರಿಯಾದಿಂದ ಬೀಥೋವನ್‌ಗೆ ಪ್ರತಿ ಸಿಗುತ್ತಿದ್ದುದು ಒಂದು ಫ್ಲೋರಿನ್‌ಗೆ. ಪ್ರತಿಗೆ ಮೂರೂವರೆ ಫ್ಲೋರಿನ್ ಉಳಿದರೆ 241 ಪ್ರತಿಗೆ 843 ಫ್ಲೋರಿನ್ ದಾಟುತ್ತದೆ. ಕೆತ್ತನೆಯ ಖರ್ಚು ಕಳೆದರೂ ಮೊಜಾರ್ಟ್‌ಗೆ ಆರು ಕ್ವಾರ್ಟೆಟ್‌ನಿಂದ ಬಂದದ್ದಕ್ಕಿಂತ ಜಾಸ್ತಿ. ಹೆಸರುಗಳ ಪಟ್ಟಿ ನೋಡಿದರೆ ಗುಟ್ಟು ತಿಳಿಯುತ್ತದೆ. ತುಂಬಾ ಮಂದಿ ಪ್ರಿನ್ಸ್, ಕೌಂಟ್, ಕೌಂಟೆಸ್‌ಗಳೇ. ಬೀಥೋವನ್ ಅವರ ಮನೆಗಳಲ್ಲಿ ವರ್ಷಗಟ್ಟಲೆ ನುಡಿಸಿದ್ದರು. ಕೃತಿಯನ್ನು ಅರ್ಪಿಸಿದ್ದೂ ಪ್ರಿನ್ಸ್ ಲಿಖ್ನೋವ್‌ಸ್ಕಿಗೆ. ಜಾಹೀರಾತು ಕೊಡುವ ಮೊದಲೇ ಅರ್ಧ ಪಟ್ಟಿ ಮನಸ್ಸಿನಲ್ಲಿ ಸಿದ್ಧ ಇರಬೇಕು.

ಹಂತ 5: ಪ್ರಕಾಶಕನಿಗೆ ಮಾರುವುದಾದರೆ

ಆರ್ಟಾರಿಯಾದವರು ಕೋಮೊ ಸರೋವರದ ಕಡೆಯ ಇಟಾಲಿಯನ್ನರು. ಮೊದಲು ಚಿತ್ರ, ಭೂಪಟ ಮಾರುತ್ತಿದ್ದರು. 1778ರಿಂದ ಸಂಗೀತಕ್ಕೆ ಇಳಿದರು. ಚಿತ್ರಕ್ಕೂ ಸಂಗೀತಕ್ಕೂ ಬೇಕಾದದ್ದು ಒಂದೇ ತಾನೇ, ತಗಡು ಮತ್ತು ಕೆತ್ತುವ ಕೈ.

ಮೊಜಾರ್ಟ್ 1783ರ ಏಪ್ರಿಲ್‌ನಲ್ಲಿ ಪ್ಯಾರಿಸ್‌ನ ಜೀಬರ್ ಎಂಬ ಪ್ರಕಾಶಕನಿಗೆ ಪತ್ರ ಬರೆದು ಆರು ಕ್ವಾರ್ಟೆಟ್‌ಗೆ 50 ಲೂಯಿ ಡೋರ್ (ಫ್ರಾನ್ಸಿನ ಚಿನ್ನದ ನಾಣ್ಯ) ಕೇಳಿದ್ದರು. ಆಗ ಆರೂ ಮುಗಿದೇ ಇರಲಿಲ್ಲ. ಅದು ಕುದುರಲಿಲ್ಲ. 1785ರ ಜನವರಿಯಲ್ಲಿ ಆರ್ಟಾರಿಯಾಕ್ಕೆ 100 ಡ್ಯುಕಾಟ್‌ಗೆ ಕೊಟ್ಟರು. ಅಂದರೆ 450 ಫ್ಲೋರಿನ್. ಆಗ ಅವರು ಇದ್ದ ಮನೆಯ ವರ್ಷದ ಬಾಡಿಗೆ 460 ಫ್ಲೋರಿನ್. ಎರಡು ವರ್ಷಕ್ಕಿಂತ ಹೆಚ್ಚು ಕಾಲ ಕೂತು ತಿದ್ದಿ ತಿದ್ದಿ ಬರೆದ ಆರು ಕ್ವಾರ್ಟೆಟ್‌ಗಳು ಒಂದು ವರ್ಷದ ಬಾಡಿಗೆಗೂ ಹತ್ತು ಫ್ಲೋರಿನ್ ಕಡಿಮೆ ಬಿದ್ದವು.

ಹಾಗಂತ ಪ್ರಕಾಶಕ ಮೋಸಗಾರ ಅಂತಲ್ಲ. 6 ಫ್ಲೋರಿನ್ 30ರ ಬೆಲೆಯಲ್ಲಿ, ನಿಮಗೆ ಕೊಟ್ಟ 450 ವಾಪಸ್ ಬರಲೇ ಅವನು 70 ಪ್ರತಿ ಮಾರಬೇಕು. ತಗಡು, ಕೆತ್ತನೆ, ಕಾಗದ, ಮುದ್ರಣ ಎಲ್ಲ ಅದರ ಮೇಲೆ. ಒಮ್ಮೆ ಮಾರಿದ ಮೇಲೆ ಮಾತ್ರ ನಿಮಗೆ ರಾಯಲ್ಟಿ ಅಂತ ಏನೂ ಬರುವುದಿಲ್ಲ. ಏನು ಕೇಳಬೇಕೋ ಆಗಲೇ ಕೇಳಿ: ಪೂರ್ತಿ ದುಡ್ಡು ಯಾವಾಗ, ನಿಮಗೆ ಉಚಿತ ಪ್ರತಿ ಎಷ್ಟು, ಕೊನೆಯ ಪ್ರೂಫ್ ಯಾರು ನೋಡುವುದು.

ಅವಸರ ಇದ್ದಾಗ ಮಾರಬೇಡಿ. 1790ರ ಜೂನ್‌ನಲ್ಲಿ ಮೊಜಾರ್ಟ್ ಕೈಯಲ್ಲಿ ಕಾಸಿಲ್ಲದೆ ಇನ್ನೊಂದು ಕಟ್ಟಿನ ಕ್ವಾರ್ಟೆಟ್‌ಗಳನ್ನು ಪುಡಿಗಾಸಿಗೆ ಕೊಟ್ಟೆ ಅಂತ ಪುಖ್‌ಬರ್ಗ್‌ಗೆ ಬರೆದರು. ಆರು ಬರೆಯಬೇಕೆಂದಿದ್ದರು, ಆದದ್ದು ಮೂರೇ. ಅವು ಅಂಗಡಿಗೆ ಬಂದದ್ದು 1791ರ ಡಿಸೆಂಬರ್ ಕೊನೆಯಲ್ಲಿ, ಅವರು ತೀರಿಕೊಂಡ ಕೆಲವೇ ವಾರಗಳಿಗೆ.

ಹಂತ 6: ನಕಲುಗಾರನನ್ನು ಮನೆಗೇ ಕರೆಸಿ

ಹಸ್ತಪ್ರತಿಯನ್ನು ನಕಲಿಗೆ ಹೊರಗೆ ಕಳಿಸಬೇಡಿ. ನಕಲುಗಾರ ನಿಮಗೊಂದು ಬರೆದು, ರಾತ್ರಿ ತನಗೊಂದು ಬರೆದುಕೊಳ್ಳುತ್ತಾನೆ. ಆ ಎರಡನೆಯದು ಪ್ಯಾರಿಸ್‌ಗೆ ಹೋಗಲು ವಾರಗಳು ಸಾಕು. ಮೊಜಾರ್ಟ್ ತಂದೆಗೆ ಬರೆದ ಪತ್ರದಲ್ಲಿ ಇದನ್ನೇ ಹೇಳಿದ್ದಾರೆ: ನನ್ನ ಮನೆಯಲ್ಲಿ, ನನ್ನ ಕಣ್ಣೆದುರೇ ನಕಲು ಮಾಡಿಸುತ್ತೇನೆ. ನೀವೂ ಹಾಗೇ ಮಾಡಿ.

ಹಂತ 7: ಕೆತ್ತನೆಗಾರನ ಮೇಜಿನ ಹತ್ತಿರ ಒಂದು ಗಂಟೆ ನಿಲ್ಲಿ

ಇದು ನನಗೆ ತುಂಬಾ ಇಷ್ಟದ ಹಂತ, ಆದ್ದರಿಂದ ನಿಧಾನವಾಗಿ ಹೇಳುತ್ತೇನೆ.

ಒಂದು ಪುಟಕ್ಕೆ ಒಂದು ತಗಡು. ತವರ ಮತ್ತು ಸೀಸ ಬೆರೆಸಿದ ಮೆತ್ತನೆಯ ಲೋಹ, ಪ್ಯೂಟರ್ ಅನ್ನುತ್ತಾರೆ. ಕೆತ್ತನೆಗಾರ ಮೊದಲು ಹಸ್ತಪ್ರತಿ ಎಣಿಸುತ್ತಾನೆ. ಈ ಪುಟಕ್ಕೆ ಎಷ್ಟು ಸಾಲು, ಸಾಲಿಗೆ ಎಷ್ಟು ಅಳತೆ ಹಿಡಿಯುತ್ತದೆ ಅಂತ ಗುರುತು ಹಾಕುತ್ತಾನೆ. ಆಮೇಲೆ ಐದು ಹಲ್ಲಿನ ಒಂದು ಉಪಕರಣ ಹಿಡಿದು ತಗಡಿನ ಮೇಲೆ ಒಂದೇ ಎಳೆತಕ್ಕೆ ಐದು ಗೆರೆ ಎಳೆಯುತ್ತಾನೆ. ಸ್ವರ ಕೂರುವ ಐದು ಗೆರೆ ಅವು. ಇನ್ನು ಎಲ್ಲವೂ ಕನ್ನಡಿಯಲ್ಲಿ ಕಂಡ ಹಾಗೆ, ಬಲದಿಂದ ಎಡಕ್ಕೆ. ಸೂಜಿ ಮೊನೆಯಿಂದ ಸ್ವರಗಳ ಜಾಗ ತೆಳುವಾಗಿ ಗೀಚಿಕೊಳ್ಳುತ್ತಾನೆ.

ಪಕ್ಕದಲ್ಲಿ ಉಕ್ಕಿನ ಪಂಚ್‌ಗಳ ಸಾಲು ಇರುತ್ತದೆ. ಸ್ವರದ ತಲೆಗೊಂದು, ಸಾಲಿನ ಮೊದಲಿಗೆ ಬರುವ ಕ್ಲೆಫ್ ಚಿಹ್ನೆಗೊಂದು, ಸ್ವರ ಏರಿಸುವ ಶಾರ್ಪ್, ಇಳಿಸುವ ಫ್ಲ್ಯಾಟ್, ವಿರಾಮ, ಅಕ್ಷರ, ಅಂಕಿ, ಎಲ್ಲಕ್ಕೂ ಬೇರೆ ಬೇರೆ. ಪಂಚ್ ನೆಟ್ಟಗೆ ಹಿಡಿದು ಸುತ್ತಿಗೆಯಿಂದ ಒಂದೇ ಪೆಟ್ಟು. ಪೆಟ್ಟು ಹಗುರವಾದರೆ ಸ್ವರ ಮಸುಕು, ಜೋರಾದರೆ ಪಕ್ಕದ ಗೆರೆ ಸೊಟ್ಟ. ಸ್ವರದ ಕಡ್ಡಿ, ಸ್ವರಗಳನ್ನು ಜೋಡಿಸುವ ಪಟ್ಟಿ, ಮೇಲಿನ ಕಮಾನು, ಇವಕ್ಕೆ ಪಂಚ್ ಇಲ್ಲ. ಉಳಿ ಹಿಡಿದು ಕೈಯಲ್ಲೇ ಕೆತ್ತಬೇಕು. ಅದಕ್ಕೇ ಹಳೆಯ ಪ್ರತಿಗಳಲ್ಲಿ ಸ್ವರದ ತಲೆಗಳೆಲ್ಲ ಒಂದೇ ಥರ ಇದ್ದರೂ ಕಮಾನುಗಳು ಒಂದೊಂದು ಒಂದೊಂದು ಥರ. ಅಲ್ಲಿ ಒಬ್ಬ ಮನುಷ್ಯನ ಮಣಿಕಟ್ಟು ಕಾಣುತ್ತದೆ. ಪ್ಯಾರಿಸ್‌ನಲ್ಲಿ ಈ ಕೆಲಸ ಮಾಡುತ್ತಿದ್ದವರಲ್ಲಿ ಹೆಂಗಸರು ತುಂಬಾ ಜನ. ಪಿಟೀಲು ವಾದಕ ಲೆಕ್ಲೇರ್ ಅವರ ಕೃತಿಗಳನ್ನು ಕೆತ್ತಿದವರು ಅವರ ಹೆಂಡತಿ ಲೂಯಿಸ್ ರೂಸೆಲ್.

ಮುಗಿದ ತಗಡಿಗೆ ಮಸಿ ತಿಕ್ಕುತ್ತಾರೆ, ಮೇಲ್ಮೈ ಒರೆಸುತ್ತಾರೆ. ಗುಳಿಗಳಲ್ಲಿ ಮಾತ್ರ ಮಸಿ ಉಳಿಯುತ್ತದೆ. ಒದ್ದೆ ಕಾಗದ ಇಟ್ಟು, ಮೇಲೆ ಉಣ್ಣೆ ಬಟ್ಟೆ ಹಾಸಿ, ಎರಡು ಉರುಳೆಗಳ ನಡುವೆ ತಳ್ಳುತ್ತಾರೆ. ಆಮೇಲೆ ಹಗ್ಗದ ಮೇಲೆ ಒಣಗಲು ಹಾಕುತ್ತಾರೆ. ಮುಂದಿನ ಹಾಳೆಗೆ ಮತ್ತೆ ಮಸಿ, ಮತ್ತೆ ಒರೆಸು.

ಇಷ್ಟು ಕಷ್ಟ ಯಾಕೆ, ಪುಸ್ತಕದ ಹಾಗೆ ಅಚ್ಚಿನ ಮೊಳೆ ಜೋಡಿಸಿ ಅಚ್ಚು ಹಾಕಬಹುದಲ್ವಾ? ಹಾಕಬಹುದು. ಲೈಪ್‌ಜಿಗ್‌ನ ಬ್ರೈಟ್‌ಕೋಪ್ಫ್ 1750ರ ದಶಕದಲ್ಲೇ ಸಂಗೀತಕ್ಕೆ ಒಳ್ಳೆಯ ಮೊಳೆ ಮಾಡಿದ್ದರು. ಆದರೆ ಅಚ್ಚಾದ ಮೇಲೆ ಮೊಳೆ ಬಿಚ್ಚಿ ಬೇರೆ ಕೆಲಸಕ್ಕೆ ಹಾಕಬೇಕು. ಆದ್ದರಿಂದ ಒಂದೇ ಸಲ ರಾಶಿ ಅಚ್ಚು ಹಾಕಿಡಬೇಕು. ಕ್ವಾರ್ಟೆಟ್ ಕೊಳ್ಳುವವರು ಅಷ್ಟಿಲ್ಲ. ತಗಡಾದರೆ ಕಪಾಟಿನಲ್ಲಿ ಇರುತ್ತದೆ. ಇವತ್ತು ಐವತ್ತು ಪ್ರತಿ, ಮುಂದಿನ ತಿಂಗಳು ಗಿರಾಕಿ ಬಂದರೆ ಇನ್ನು ಹತ್ತು. ತಗಡು ಯಾರ ಕಪಾಟಿನಲ್ಲಿದೆಯೋ ವ್ಯಾಪಾರ ಅವರದು.

ಹಂತ 8: ಪ್ರೂಫ್ ನೀವೇ ನೋಡಿ

ತಗಡಿನಲ್ಲಿ ತಪ್ಪು ತಿದ್ದಬಹುದು. ತಪ್ಪು ಇರುವ ಜಾಗವನ್ನು ಹಿಂಬದಿಯಿಂದ ಬಡಿದು ಮೇಲೆತ್ತಿ, ಉಜ್ಜಿ ನಯ ಮಾಡಿ, ಗೆರೆ ಮತ್ತೆ ಎಳೆದು, ಸರಿಯಾದ ಸ್ವರ ಹೊಡೆಯುತ್ತಾರೆ. ಆದರೆ ಯಾರಾದರೂ ಹೇಳಿದರೆ ತಾನೇ? 1785ರ ಡಿಸೆಂಬರ್‌ನಲ್ಲಿ ತಮ್ಮ ಪಿಯಾನೊ ಟ್ರಯೊಗಳ ಪ್ರತಿ ಕೈಗೆ ಬಂದಾಗ ಹೈಡನ್, ಇಷ್ಟು ಕೆಟ್ಟ ಕೆತ್ತನೆ, ಇಷ್ಟು ತಪ್ಪು ಅಂತ ಆರ್ಟಾರಿಯಾಕ್ಕೆ ಸಿಟ್ಟಿನಿಂದ ಬರೆದರು. ಸ್ಕೋರ್ ಜೊತೆ ಇಟ್ಟು ನೋಡಿದರೆ ಸಾಲದು. ನಾಲ್ಕು ಜನ ಕೂತು ಪ್ರೂಫ್‌ನಿಂದಲೇ ಒಮ್ಮೆ ನುಡಿಸಿ. ಕಣ್ಣು ತಪ್ಪಿಸಿದ್ದು ಕಿವಿಗೆ ಸಿಗುತ್ತದೆ.

ಹಂತ 9: ಮುಖಪುಟ, ಅರ್ಪಣೆ

ಮುಖಪುಟ ಜರ್ಮನ್‌ನಲ್ಲಿ ಬೇಡ. ಫ್ರೆಂಚ್ ಅಥವಾ ಇಟಾಲಿಯನ್ ಇರಲಿ, ಆಗ ಪ್ಯಾರಿಸ್‌ನಲ್ಲೂ ಲಂಡನ್‌ನಲ್ಲೂ ಓಡುತ್ತದೆ. ಅರ್ಪಣೆ ಸಾಮಾನ್ಯವಾಗಿ ಕೊಡುಗೈ ಇರುವವರಿಗೆ. ಪ್ರಷ್ಯಾದ ರಾಜ ಎರಡನೇ ಫ್ರೀಡ್ರಿಶ್ ವಿಲ್‌ಹೆಲ್ಮ್ ಚೆನ್ನಾಗಿ ಚೆಲ್ಲೊ ನುಡಿಸುತ್ತಿದ್ದರು. 1787ರಲ್ಲಿ ಹೈಡನ್‌ಗೆ ಒಂದು ಉಂಗುರ ಕಳಿಸಿದರು. ಹೈಡನ್ ಓಪಸ್ 50ರ ಕ್ವಾರ್ಟೆಟ್‌ಗಳನ್ನು ಅವರಿಗೆ ಅರ್ಪಿಸಿದರು. ಮೊಜಾರ್ಟ್ ಮಾತ್ರ ತಮ್ಮ ಆರನ್ನು ಯಾವ ರಾಜನಿಗೂ ಕೊಡಲಿಲ್ಲ. 1785ರ ಸೆಪ್ಟೆಂಬರ್ 1ರ ದಿನಾಂಕ ಹಾಕಿ, ಇಟಾಲಿಯನ್‌ನಲ್ಲಿ, ಇವು ನನ್ನ ದೀರ್ಘ ಶ್ರಮದ ಫಲ, ನನ್ನ ಮಕ್ಕಳು, ಇವರನ್ನು ನೀವು ಕಾಪಾಡಿ ಅಂತ ಗೆಳೆಯ ಹೈಡನ್‌ಗೆ ಬರೆದರು. ಕಾಸು ಬರುವ ಅರ್ಪಣೆ ಅಲ್ಲ ಅದು. ಆದರೂ ಆರ್ಟಾರಿಯಾ ಜಾಹೀರಾತಿನಲ್ಲಿ ಅದನ್ನೇ ಮುಂದಿಟ್ಟಿತು.

ಹಂತ 10: ಪತ್ರಿಕೆಯಲ್ಲಿ ಹಾಕಿಸಿ, ಪೈಪೋಟಿಗೆ ಸಿದ್ಧರಾಗಿ

ಜಾಹೀರಾತಿಗೆ ಜಾಗ ವೀನರ್ ತ್ಸೈಟುಂಗ್. ಬುಧವಾರ, ಶನಿವಾರ ಬರುತ್ತದೆ. ಮೊಜಾರ್ಟ್‌ರ ಹೊಸ ಕ್ವಾರ್ಟೆಟ್‌ಗಳು ಬರುವ ಹೊತ್ತಿಗೆ ಸರಿಯಾಗಿ ಟೊರಿಚೆಲ್ಲಾ ಎಂಬ ಇನ್ನೊಬ್ಬ ವ್ಯಾಪಾರಿ, ಮೊಜಾರ್ಟ್‌ರ ಆರು ಕ್ವಾರ್ಟೆಟ್ ಕಡಿಮೆ ಬೆಲೆಗೆ ಅಂತ ಪ್ರಕಟಿಸಿದರು. ಅವು ಹಳೆಯವು. ಹೊಸದಕ್ಕೂ ಹಳೆಯದಕ್ಕೂ ಜನ ಗೊಂದಲ ಆಗಬಾರದು, ಅವು ಹದಿನೈದು ವರ್ಷ ಹಿಂದಿನವು ಅಂತ ಆರ್ಟಾರಿಯಾ ಎಚ್ಚರಿಸಬೇಕಾಯಿತು. ನಿಮ್ಮ ಹಳೆಯ ಹಸ್ತಪ್ರತಿಗಳು ಯಾರ ಕೈಯಲ್ಲಿವೆ ಅಂತ ಈಗಲೇ ನೆನಪಿಸಿಕೊಳ್ಳಿ.

ಹಂತ 11: ಗಡಿಯಾಚೆ

ಒಂದೊಂದು ದೇಶಕ್ಕೆ ಒಂದೊಂದು ಕಾನೂನು. ಪ್ಯಾರಿಸ್‌ನಲ್ಲಿ ರಾಜನಿಂದ ಪರವಾನಗಿ ಪಡೆಯಬಹುದು. ಹ್ಯಾಂಬರ್ಗ್‌ನ ರಚನಕಾರ ಟೆಲೆಮಾನ್ ಅವರ ಕ್ವಾರ್ಟೆಟ್‌ಗಳನ್ನು ಪ್ಯಾರಿಸ್‌ನವರು ಕೇಳದೆ ಅಚ್ಚು ಹಾಕಿದ್ದರು. ಟೆಲೆಮಾನ್ 1737ರಲ್ಲಿ ಖುದ್ದಾಗಿ ಅಲ್ಲಿಗೆ ಹೋಗಿ, 20 ವರ್ಷದ ಪರವಾನಗಿ ಪಡೆದು, 1738ರಲ್ಲಿ ಹೊಸ ಆರನ್ನು ಚಂದಾ ಮೇಲೆ ಹೊರತಂದರು. ಆ ಚಂದಾದಾರರ ಪಟ್ಟಿಯಲ್ಲಿ ಲೈಪ್‌ಜಿಗ್‌ನ ರಚನಕಾರ ಬಾಖ್ ಕೂಡ ಇದ್ದಾರೆ. ಲಂಡನ್‌ನಲ್ಲಿ ಆ ಬಾಖ್ ಅವರ ಮಗ ಯೋಹಾನ್ ಕ್ರಿಶ್ಚಿಯನ್ ಪ್ರಕಾಶಕರ ಮೇಲೆ ದಾವೆ ಹೂಡಿ, 1777ರಲ್ಲಿ ಸಂಗೀತಕ್ಕೂ ಪುಸ್ತಕದಷ್ಟೇ ರಕ್ಷಣೆ ಇದೆ ಅಂತ ತೀರ್ಪು ಪಡೆದರು. ಈ ರಕ್ಷಣೆ ಆ ದೇಶದೊಳಗೆ ಮಾತ್ರ.

ಹಾಗಾಗಿ ಜಾಣರು ಒಂದೇ ಕೃತಿಯನ್ನು ಎರಡು ಊರಲ್ಲಿ ಬೇರೆ ಬೇರೆ ಪ್ರಕಾಶಕರಿಗೆ, ಒಂದೇ ಹೊತ್ತಿಗೆ ಹೊರಬರುವಂತೆ ಮಾರುತ್ತಾರೆ. ಇದು ತಪ್ಪಲ್ಲ, ಇಬ್ಬರಿಗೂ ಹೇಳಿದ್ದರೆ. ಹೈಡನ್ ಓಪಸ್ 50ನ್ನು ಆರ್ಟಾರಿಯಾಕ್ಕೂ ಲಂಡನ್‌ನ ಫೋರ್ಸ್ಟರ್‌ಗೂ ಕೊಟ್ಟರು, ಹೇಳಲಿಲ್ಲ, ಜಗಳವಾಯಿತು. ಅದಕ್ಕೂ ಮೊದಲು ಫೋರ್ಸ್ಟರ್‌ಗೆ ಕಳಿಸಿದ್ದ ಮೂರು ಟ್ರಯೊಗಳಲ್ಲಿ ಎರಡು ಅವರ ಶಿಷ್ಯ ಪ್ಲೆಯೆಲ್ ಬರೆದದ್ದು. ನನಗೆ ಹೈಡನ್ ಅಂದರೆ ಪ್ರಾಣ. ಆದರೂ ಈ ವಿಷಯದಲ್ಲಿ ಅವರ ದಾರಿ ಹಿಡಿಯಬೇಡಿ.

ಹಂತ 12: ಹೆಸರನ್ನು ಕೊನೆಯ ಸಲ ನೋಡಿ

ಅಚ್ಚಿಗೆ ಹೋಗುವ ಮೊದಲು ಪ್ರತಿ ಭಾಗದ ತಲೆಯಲ್ಲೂ ನಿಮ್ಮ ಹೆಸರು ಇದೆಯಾ ನೋಡಿ. ಬರೀ ಮುಖಪುಟದಲ್ಲಿ ಇದ್ದರೆ ಸಾಲದು. ಮುಖಪುಟ ಬೇರೆ ತಗಡು, ಸುಲಭವಾಗಿ ಬದಲಾಗುತ್ತದೆ. 1777ರಲ್ಲಿ ಪ್ಯಾರಿಸ್‌ನ ಬಾಯಿಯೆ ಎಂಬ ಪ್ರಕಾಶಕ ಹೈಡನ್ ಹೆಸರಿನಲ್ಲಿ ಓಪಸ್ 3 ಅಂತ ಆರು ಕ್ವಾರ್ಟೆಟ್ ಮಾರಿದ. ಜನ ಅವನ್ನು ಹೈಡನ್‌ದೇ ಅಂತ ಇನ್ನೂರು ವರ್ಷದ ಹತ್ತಿರ ಪ್ರೀತಿಯಿಂದ ನುಡಿಸಿದರು. 1964ರಲ್ಲಿ ಹಳೆಯ ಪ್ರತಿಯನ್ನು ಹತ್ತಿರದಿಂದ ನೋಡಿದವರಿಗೆ ಮೊದಲ ಎರಡು ಕ್ವಾರ್ಟೆಟ್‌ಗಳ ತಲೆಯಲ್ಲಿ ಸರಿಯಾಗಿ ಉಜ್ಜದೆ ಉಳಿದ ಕೆಲವು ಅಕ್ಷರಗಳ ನೆರಳು ಕಂಡಿತು. ಓದಿದರೆ ಬೇರೆಯೇ ಹೆಸರು: ಹೋಫ್‌ಸ್ಟೆಟರ್. ಹೈಡನ್‌ರನ್ನು ತುಂಬಾ ಮೆಚ್ಚುತ್ತಿದ್ದ ಒಬ್ಬ ಸನ್ಯಾಸಿ.